ಸೇತುವೆ ದಾಟಿದ ಕುಂಟ ಮೇಕೆ

"ಸೇತುವೆ ಓಪನ್ ಆದ ದಿನ ಅದನ್ನ ಮೊದಲು ದಾಟಿದ್ದು ಗವರ್ನರೂ ಅಲ್ಲ, ಪೊಲೀಸೂ ಅಲ್ಲ. ಒಂದು ಕುಂಟ ಮೇಕೆ. ಗೊತ್ತಾ ನಿಮಗೆ?" ಎಂದ ಪ್ರಸಾದ್.

ಕಾರು ಕಲಮಜೂ ಎಂಬ ಊರು ದಾಟಿ ಪೂರ್ವಕ್ಕೆ ಓಡುತ್ತಿತ್ತು. ಹೆದ್ದಾರಿಯ ಪಕ್ಕ ಯಾವುದೋ ಹೊಳೆಯ ಮೇಲೆ ಪುಟ್ಟ ಸೇತುವೆಯೊಂದು ಕಂಡಿದ್ದೇ ನೆಪ, ಮಿಷಿಗನ್ನಿನ ಉತ್ತರ ತುದಿಯಲ್ಲಿರುವ ಮ್ಯಾಕಿನಾ ಸೇತುವೆಯ ಕಥೆ ಅವನ ಬಾಯಿಗೆ ಬಂದಿತ್ತು. ಅವನು ಮೊದಲಿನಿಂದ ಹಾಗೇ. ಕನ್ನಡ ಕೂಟದ ಗಣೇಶನ ಹಬ್ಬದಲ್ಲಿ ಹದಿನಾರು ವರ್ಷದಿಂದ ಕ್ವಿಜ್ ನಡೆಸುತ್ತಿರುವ ಮನುಷ್ಯ. ತಟ್ಟೆಗೆ ಉಪ್ಪು ಹಾಕಿದರೆ ಉಪ್ಪಿನ ಚರಿತ್ರೆ ಹೇಳದೆ ಊಟಕ್ಕೆ ಕೈ ಹಾಕುವವನಲ್ಲ.

ಪಕ್ಕದ ಸೀಟಿನಲ್ಲಿ ಕೂತಿದ್ದ ಪದ್ಮಜಾಳ ಎದೆ ಧಸಕ್ಕೆಂದಿತು.

ಆ ಮೇಕೆ ಹುಟ್ಟಿದ್ದು ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ, ಅವಳ ಅಡುಗೆಮನೆಯ ಟೇಬಲ್ ಮೇಲೆ. ಅದಕ್ಕೆ ಕುಂಟು ಕಾಲು ಕೊಟ್ಟವಳೂ ಅವಳೇ. ಅಂಥ ಮೇಕೆ ಭೂಮಿಯ ಮೇಲೆ ಎಂದೂ ಇರಲಿಲ್ಲ, ಯಾವ ಸೇತುವೆಯನ್ನೂ ದಾಟಿರಲಿಲ್ಲ.

ಅವಳ ತಮ್ಮ ಮಂಜೇಶ್ ಕಾಣೆಯಾಗಿ ಅಂದಿಗೆ ಹನ್ನೊಂದು ದಿನ. ಡೆಟ್ರಾಯಿಟ್ ಪಕ್ಕದ ವಯಂಡಾಟ್‌ನಲ್ಲಿ ಓಲ್ಡ್ ಹೆರನ್ ಎಂಬ ಪಬ್‌ನಿಂದ ಒಂದು ಕ್ವಿಜ್ ಮೆಷಿನ್ ಎತ್ತಿಕೊಂಡು ಹೊರಬಿದ್ದವನು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನ ಟೂಲ್ ಬ್ಯಾಗ್ ಅದೇ ಪಬ್‌ನಲ್ಲಿ ಸಿಕ್ಕಿದೆಯೆಂದು ನಿನ್ನೆ ಪ್ರಸಾದ್ ಸುದ್ದಿ ತಂದಿದ್ದ. ನಾನೇ ಕರ್ಕೊಂಡು ಹೋಗ್ತೀನಿ ಎಂದು ಈ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮನೆ ಮುಂದೆ ಕಾರು ತಂದು ನಿಲ್ಲಿಸಿದ್ದ.

ಏನಾದರೂ ಮಾತಾಡಲೇಬೇಕಿತ್ತು. ಸುಮ್ಮನಿದ್ದರೆ ಸಿಕ್ಕಿಬೀಳುತ್ತಿದ್ದಳು.

"ಪಾಪ, ಕುಂಟು ಮೇಕೆನಾ? ಎಲ್ಲಿ ಓದಿದ್ರಿ ಇದನ್ನ?"

"ಎಲ್ಲೋ ಹಳೇ ಪುಸ್ತಕದಲ್ಲಿ. ತಲೇಲಿ ಕೂತ್ಬಿಟ್ಟಿದೆ."

"ನೀವು ಮಿಷಿಗನ್ ಕಡೆ ಬಂದು ತುಂಬಾ ದಿನ ಆಯ್ತಲ್ವಾ?"

"ಎರಡು ವರ್ಷದ ಮೇಲಾಯ್ತು. ಆ ರಸ್ತೆ ಎಲ್ಲಾ ಮರ್ತೇ ಹೋಗಿದೆ," ಎಂದು ಅವನು ನೀರಿನ ಬಾಟಲಿಗೆ ಕೈ ಚಾಚಿದ.

ಸುಳ್ಳು. ಆ ಸುಳ್ಳಿನ ಅಳತೆ ಗೊತ್ತಿದ್ದವಳು ಇಡೀ ಅಮೆರಿಕದಲ್ಲಿ ಪದ್ಮಜಾ ಒಬ್ಬಳೇ.

ಅವಳು ಹತ್ತೊಂಬತ್ತು ವರ್ಷದಿಂದ ಪಬ್‌ಗಳ ಕ್ವಿಜ್ ಮೆಷಿನ್‌ಗಳಿಗೆ ಪ್ರಶ್ನೆ ಬರೆದವಳು. ಬಾರ್ ಕೌಂಟರ್ ಮೇಲೆ ಬಿಯರ್ ಗ್ಲಾಸಿನ ಪಕ್ಕ ಕೂತಿರುತ್ತಿದ್ದ, ಬೆರಳಿನಿಂದ ಮುಟ್ಟಿ ಆಡುವ ಪೆಟ್ಟಿಗೆಗಳು ಅವು. ಶಿಕಾಗೋದಿಂದ ಡೆಟ್ರಾಯಿಟ್‌ವರೆಗೆ ನೂರಾರು ಪಬ್‌ಗಳಲ್ಲಿ ಜನ ಅವಳ ಪ್ರಶ್ನೆಗಳನ್ನು ಹಿಡಿದುಕೊಂಡು ಜಗಳವಾಡಿದ್ದರು, ಪಂಥ ಕಟ್ಟಿದ್ದರು. ಜೀವಮಾನದಲ್ಲಿ ಬಿಯರಿನ ವಾಸನೆಯನ್ನೂ ಸಹಿಸದ ಮೈಸೂರಿನ ಹೆಂಗಸೊಬ್ಬಳು ಅದನ್ನೆಲ್ಲ ಬರೆಯುತ್ತಾಳೆಂದು ಅವರಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ.

ಆಮೇಲೆ ಎಲ್ಲರ ಜೇಬಿಗೂ ಫೋನ್ ಬಂತು. ಅನುಮಾನ ಬಂದ ಕ್ಷಣ ಉತ್ತರ ಅಂಗೈಯಲ್ಲೇ ಸಿಕ್ಕುವಾಗ ಪೆಟ್ಟಿಗೆಯ ಮುಂದೆ ತಲೆ ಕೆರೆದುಕೊಳ್ಳುವವರು ಯಾರು? ಇಲಿನಾಯ್ ಪಬ್‌ಗಳ ಮೂಲೆಗಳಲ್ಲಿ ಜೂಜಿನ ಮೆಷಿನ್‌ಗಳು ಸಾಲಾಗಿ ಬಂದು ನಿಂತು ಕ್ವಿಜ್ ಪೆಟ್ಟಿಗೆಗಳನ್ನು ಹೊರಗಟ್ಟಿದವು. ಈಗ ಜೂಜು ಕೂಡ ಫೋನಿಗೇ ಹೋಗಿ, ಆ ಮೆಷಿನ್‌ಗಳ ಮುಂದಿನ ಸ್ಟೂಲ್‌ಗಳೂ ಖಾಲಿ. ಕಂಪನಿ ಬಾಗಿಲು ಹಾಕುವ ತೀರ್ಮಾನ ಮಾಡಿತು. ಪಬ್‌ಗಳಿಂದ ಕಿತ್ತು ತಂದ ಪೆಟ್ಟಿಗೆಗಳು ಶಿಕಾಗೋ ಹತ್ತಿರದ ಇಟಾಸ್ಕಾದ ಗೋಡೌನ್‌ನಲ್ಲಿ ಸೂರು ಮುಟ್ಟಿದವು.

ಆ ಗೋಡೌನ್ ನೋಡಿಕೊಳ್ಳುವವನು ಪದ್ಮಜಾಳ ಗಂಡ ಕಿಶೋರ್. ಮೆಷಿನ್‌ಗಳನ್ನು ಪಬ್‌ಗಳಿಗೆ ಒಪ್ಪಿಸುವ ಕೆಲಸ ಪ್ರಸಾದನದು, ರಿಪೇರಿ ಮಂಜೇಶನದು. ಒಂದೇ ಕಂಪನಿಯಲ್ಲಿ ಇಷ್ಟು ಜನ ಕನ್ನಡದವರು ಹೇಗೆ ಸೇರಿದರೆಂದರೆ, ಕಿಶೋರ್ ಒಬ್ಬೊಬ್ಬರನ್ನೇ ಸೇರಿಸಿದ್ದ.

ಇನ್ನು ಮೇಕೆಯ ವಿಷಯ. ಪ್ರಶ್ನೆ ಬರೆಯುವವರ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಪ್ರತಿ ಪ್ಯಾಕ್‌ನಲ್ಲೂ, ಅಂದರೆ ಒಂದು ಸಲಕ್ಕೆ ಮೆಷಿನ್‌ಗೆ ತುಂಬುವ ಪ್ರಶ್ನೆಗಳ ಕಟ್ಟಿನಲ್ಲಿ, ಒಂದೇ ಒಂದು ಹಸಿ ಸುಳ್ಳನ್ನು ಸೇರಿಸುವುದು. ಯಾರಿಗೂ ಕೇಡು ಮಾಡದ, ಯಾರೂ ಮನಸ್ಸಿಗೆ ಹಚ್ಚಿಕೊಂಡು ಪರೀಕ್ಷಿಸದ ಸುಳ್ಳು. ಬೇರೆ ಕಂಪನಿಯ ಮೆಷಿನ್‌ನಲ್ಲಿ ಅದೇ ಸುಳ್ಳು ಕಂಡರೆ ಅವರು ಕದ್ದಿದ್ದಾರೆಂದು ಅರ್ಥ. ಬಲೆಪ್ರಶ್ನೆ ಎಂದು ಪದ್ಮಜಾ ಅದಕ್ಕೆ ಹೆಸರಿಟ್ಟಿದ್ದಳು. ಯಾವುದು ಬಲೆಯೆಂದು ಅವಳು ಗಂಡನಿಗೂ ಹೇಳುತ್ತಿರಲಿಲ್ಲ, ತಮ್ಮನಿಗೂ ಹೇಳುತ್ತಿರಲಿಲ್ಲ.

ಕುಂಟ ಮೇಕೆ ಅವಳ ಕೊನೆಯ ಪ್ಯಾಕಿನ ಬಲೆ. ಆ ಪ್ಯಾಕ್ ಮುಗಿದ ವಾರವೇ ಕಂಪನಿ ನಿಂತಿತು. ಅದು ಯಾವ ಮೆಷಿನ್ನಿಗೂ ಹೋಗಲಿಲ್ಲ, ಒಂದನ್ನು ಬಿಟ್ಟು.

ಹನ್ನೊಂದು ದಿನದ ಹಿಂದೆ, ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಮಂಜೇಶ್ ವಯಂಡಾಟ್‌ನಿಂದ ಫೋನ್ ಮಾಡಿದ್ದ. "ಅಕ್ಕ, ನಿನ್ನ ಕೊನೇ ಪ್ಯಾಕ್ ಒಂದ್ ಕಡೆನಾದ್ರೂ ಓಡ್ಲಿ ಅಂತ ಇಲ್ಲಿನ ಮೆಷಿನ್‌ಗೆ ಈಗ ತಾನೇ ಹಾಕ್ದೆ. ಸಾಯಂಕಾಲ ಹೇಗಿದ್ರೂ ಇದನ್ನ ಎತ್ಕೊಂಡು ಬರ್ಬೇಕು. ಅಲ್ಲೀವರೆಗೂ ಆಡ್ಲಿ." ಆಮೇಲೆ ಒಂದು ಕ್ಷಣ ತಡೆದು, "ರಾತ್ರಿ ಮಾತಾಡ್ತೀನಿ ಅಕ್ಕ, ಒಂದ್ ವಿಷ್ಯ ಇದೆ," ಎಂದಿದ್ದ. ಪದ್ಮಜಾಗೆ ಅಳು ಬಂದಿತ್ತು, ಸಂತೋಷದ ಅಳು. ಸಾಯಂಕಾಲ ಐದಕ್ಕೆ ಅವನು ಮೆಷಿನ್ ಹೊತ್ತುಕೊಂಡು ಹೋದದ್ದನ್ನು ಪಬ್‌ನ ಒಡತಿ ನೋಡಿದ್ದಳು. ಆ ರಾತ್ರಿ ಫೋನ್ ಬರಲಿಲ್ಲ. ಆಮೇಲೆಯೂ ಬರಲಿಲ್ಲ.

ಅಂದರೆ ಆ ಮೇಕೆ ಲೋಕಕ್ಕೆ ಮುಖ ತೋರಿಸಿದ್ದು ಒಂದೇ ಪಬ್‌ನಲ್ಲಿ, ಒಂದೇ ಸ್ಕ್ರೀನಿನ ಮೇಲೆ, ಎರಡರಿಂದ ಐದರವರೆಗೆ. ಅದನ್ನು ಬಲ್ಲವನು ಆ ಮಂಗಳವಾರ, ಆ ಮೂರು ಗಂಟೆಯೊಳಗೆ, ಮಂಜೇಶನ ಪಕ್ಕದಲ್ಲಿ ಇದ್ದಿರಲೇಬೇಕು.

ಆ ದಿನ ಇಡೀ ಶಿಕಾಗೋ ಪಕ್ಕದ ಓಕ್ ಬ್ರೂಕ್‌ನಲ್ಲಿ ಮೀಟಿಂಗ್ ಇತ್ತೆಂದು ಪ್ರಸಾದ್ ಪೊಲೀಸರಿಗೆ ಹೇಳಿದ್ದ. ಅವಳ ಸೋಫಾದ ಮೇಲೆ ಕೂತು, ಅವಳು ಮಾಡಿದ ಕಾಫಿ ಕುಡಿಯುತ್ತ ಹೇಳಿದ್ದ.

ಇಷ್ಟು ದಿನ ಅವಳ ಅನುಮಾನ ಪಬ್‌ನ ಒಡತಿಯ ಮೇಲಿತ್ತು. ಪ್ರಶ್ನೆ ಕದಿಯುತ್ತಿದ್ದ ಬೇರೆ ಕಂಪನಿಯ ಮೇಲಿತ್ತು. ಪ್ರತಿದಿನ ಮನೆಗೆ ಬಂದು, ಏನಾದ್ರೂ ಗೊತ್ತಾಯ್ತಾ, ಏನಾದ್ರೂ ಗೊತ್ತಾಯ್ತಾ ಎಂದು ವಿಚಾರಿಸುತ್ತಿದ್ದ ಈ ಮನುಷ್ಯನ ಮೇಲೆ ಇರಲಿಲ್ಲ. ಅವನು ಅಷ್ಟೊಂದು ವಿಚಾರಿಸಿದ್ದು ಯಾಕೆಂದು ಈಗ ಹೊಳೆಯಿತು.

ಕಾರು ಗಂಟೆಗೆ ಎಪ್ಪತ್ತೈದು ಮೈಲಿ ವೇಗದಲ್ಲಿತ್ತು. ಬಾಗಿಲುಗಳು ತಾವಾಗಿಯೇ ಲಾಕ್ ಆಗಿದ್ದವು.

ಬೆಳಿಗ್ಗೆ ಹೊರಟಾಗ ಅವನು ಹೇಳಿದ ಮೊದಲ ಮಾತು ನೆನಪಾಯಿತು. "ಫೋನ್ ಆಫ್ ಮಾಡ್ಬಿಡಿ ಪದ್ಮಜಾ, ಸ್ವಲ್ಪ ನೆಮ್ಮದಿಯಾಗಿ ನಿದ್ದೆ ಮಾಡಿ." ಅವಳು ಹ್ಞೂಂ ಎಂದಿದ್ದಳು, ಆಫ್ ಮಾಡಿರಲಿಲ್ಲ. ಮಂಜೇಶ್ ಯಾವ ಗಳಿಗೆಯಲ್ಲಿ ಫೋನ್ ಮಾಡುತ್ತಾನೋ ಎಂಬ ಆಸೆಗೆ ಹನ್ನೊಂದು ದಿನದಿಂದ ಅವಳು ಸ್ನಾನಕ್ಕೆ ಹೋದರೂ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಿದ್ದಳು.

ಈಗ ಅದು ಅವಳ ಬ್ಯಾಗಿನ ತಳದಲ್ಲಿತ್ತು. ಬ್ಯಾಗು ಅವಳ ಕಾಲ ಬಳಿ. ಬಗ್ಗಿದರೆ ಅವನು ನೋಡುತ್ತಾನೆ.

"ಯಾಕೆ ಸುಮ್ಮನಾಗ್ಬಿಟ್ರಿ?" ಎಂದ ಪ್ರಸಾದ್.

"ಏನಿಲ್ಲ. ರೆಸ್ಟ್ ರೂಮ್‌ಗೆ ಹೋಗ್ಬೇಕಿತ್ತು. ಮುಂದಿನ ರೆಸ್ಟ್ ಏರಿಯಾದಲ್ಲಿ ನಿಲ್ಲಿಸ್ತೀರಾ?"

ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. ಪೆಟ್ರೋಲ್ ಮುಳ್ಳು ನೋಡಿದ. ಮತ್ತೆ ಹಿಂದೆ ನೋಡಿದ.

"ಇನ್ನೆರಡು ಗಂಟೆ ಅಷ್ಟೇ. ತಡ್ಕೊಳ್ಳಕ್ಕಾಗಲ್ವಾ?"

"ಆಗಲ್ಲ ಪ್ರಸಾದ್."

ಅವಳ ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು. ಒಂದು ಎಕ್ಸಿಟ್ ಹೋಯಿತು. ಇನ್ನೊಂದು ಹೋಯಿತು. ಪದ್ಮಜಾ ಸೀಟ್ ಬೆಲ್ಟಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಗೊತ್ತಿದ್ದ ದೇವರ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ಹೇಳತೊಡಗಿದಳು. ಬ್ಯಾಟಲ್ ಕ್ರೀಕ್ ದಾಟಿದ ಮೇಲೆ ರೆಸ್ಟ್ ಏರಿಯಾದ ನೀಲಿ ಬೋರ್ಡ್ ಕಂಡಿತು. ಅವನು ನಿಟ್ಟುಸಿರು ಬಿಟ್ಟು ಬಲಕ್ಕೆ ತಿರುಗಿಸಿದ.

"ಐದೇ ನಿಮಿಷ," ಎಂದ.

*

ರೆಸ್ಟ್ ರೂಮಿನ ಕೊನೆಯ ಬಾಗಿಲು ಹಾಕಿಕೊಂಡು ಚಿಲಕ ಸರಿಸಿದ ಮೇಲೆ ಅವಳಿಗೆ ಉಸಿರು ಬಂತು. ಮಿಷಿಗನ್ನಿನ ಹೊತ್ತು ಒಂದು ಗಂಟೆ ಮುಂದೆ. ಫೋನಿನಲ್ಲಿ ಹನ್ನೆರಡು ಐವತ್ತು ಎಂದಿತ್ತು.

911ಕ್ಕೆ ಮಾಡಲೇ? ಏನೆಂದು ಹೇಳುವುದು? ನನ್ನ ಜೊತೆ ಬಂದವರು ಒಂದು ಮೇಕೆಯ ಕಥೆ ಹೇಳಿದರು, ಅದಕ್ಕೇ ಭಯವಾಗಿದೆ ಎಂದೇ? ಮೊದಲ ವಾರವೇ ಪೊಲೀಸರು ಅವಳಿಗೆ ಸಮಾಧಾನ ಹೇಳಿ ಕಳಿಸಿದ್ದರು. ನಿಮ್ಮ ತಮ್ಮ ದೊಡ್ಡವನು, ತಾನಾಗೇ ಎಲ್ಲಿಗೋ ಹೋಗಿರಬಹುದು ಎಂದಿದ್ದರು.

ಅವಳು ಕಿಶೋರ್‌ಗೆ ಫೋನ್ ಮಾಡಿದಳು. ಎತ್ತಲಿಲ್ಲ. ಗೋಡೌನ್ ಖಾಲಿ ಮಾಡುವುದಿದೆ ಎಂದು ಅವನು ಬೆಳಿಗ್ಗೆ ಐದಕ್ಕೇ ಇಟಾಸ್ಕಾಗೆ ಹೊರಟಿದ್ದ. ನಿನ್ನೆ ಟೂಲ್ ಬ್ಯಾಗಿನ ಸುದ್ದಿ ಹೇಳಿದಾಗ ಎರಡೆರಡು ಸಲ ವಿವರ ಕೇಳಿ, ನಾನೂ ಬರ್ತಿದ್ದೆ, ಕೆಲಸ ಬಿಡಕ್ಕಾಗಲ್ಲ ಎಂದು ಬೇಜಾರು ಮಾಡಿಕೊಂಡಿದ್ದ. ಮಾತು ಕಡಿಮೆ, ಕೆಲಸ ಜಾಸ್ತಿ, ಅಂಥ ಗಂಡ. ಈ ಹೊತ್ತಿನಲ್ಲಿ ಅವನ ದನಿ ಒಂದು ಕೇಳಿದ್ದರೆ ಸಾಕಿತ್ತು.

ಮೆಸೇಜ್ ಬರೆದಳು. ಅಳಿಸಿ, ಮತ್ತೆ ಬರೆದು, ಕಳಿಸಿದಳು.

"ಪ್ರಸಾದ್ ಸುಳ್ಳು ಹೇಳ್ತಿದ್ದಾರೆ. ಆ ಮಂಗಳವಾರ ಅವರೂ ಪಬ್‌ನಲ್ಲಿ ಮಂಜೇಶನ ಜೊತೆ ಇದ್ದರು. ನನಗೆ ಖಚಿತವಾಗಿ ಗೊತ್ತಾಗಿದೆ. ಬ್ಯಾಟಲ್ ಕ್ರೀಕ್ ದಾಟಿ ರೆಸ್ಟ್ ಏರಿಯಾದಲ್ಲಿದ್ದೀವಿ. ತುಂಬಾ ಭಯ ಆಗ್ತಿದೆ. ಬೇಗ ಫೋನ್ ಮಾಡಿ."

ಕಳಿಸಿದ ಮೇಲೆ ಕೊಂಚ ಧೈರ್ಯ ಬಂತು. ತನ್ನ ಜೊತೆ ಈ ಸತ್ಯ ಇನ್ನೊಬ್ಬರಿಗೆ ಗೊತ್ತಾಯಿತಲ್ಲ. ತನಗೇನಾದರೂ ಆದರೆ ಎಲ್ಲಿಂದ ಹುಡುಕಬೇಕೆಂದಾದರೂ ತಿಳಿಯುತ್ತದೆ.

ಮುಖಕ್ಕೆ ನೀರು ಹಾಕಿಕೊಂಡು ಹೊರಗೆ ಬಂದಳು. ಚಿಪ್ಸ್, ಕೋಲಾ ಮಾರುವ ಮೆಷಿನ್‌ಗಳ ಪಕ್ಕ ಪ್ರಸಾದ್ ಕಾಯುತ್ತ ನಿಂತಿದ್ದ. ಹೊರಗಿನ ಹುಲ್ಲಿನ ಮೇಲೆ ಒಂದು ಸಂಸಾರ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿತ್ತು. ಇಬ್ಬರು ಟ್ರಕ್ ಡ್ರೈವರ್‌ಗಳು ನಕ್ಷೆಯ ಮುಂದೆ ನಿಂತು ಹರಟುತ್ತಿದ್ದರು. ಬಿಸಿಲು ಚೆನ್ನಾಗಿತ್ತು.

ಇಷ್ಟು ಜನರ ನಡುವೆ ಕೇಳಿದರೆ ಕೇಳಬೇಕು. ಆ ಕಾರಿನೊಳಗೆ ಮತ್ತೆ ಕೂತ ಮೇಲೆ ಕೇಳಿ ಏನು ಪ್ರಯೋಜನ?

"ಹೋಗೋಣ್ವಾ?" ಎಂದ ಅವನು.

"ಪ್ರಸಾದ್, ಆ ಮೇಕೆ ಸುಳ್ಳು."

"ಏನಂದ್ರಿ?"

"ಅಂಥ ಮೇಕೆ ಯಾವ ಸೇತುವೆನೂ ದಾಟಿಲ್ಲ. ಅದನ್ನ ಬರೆದೋಳು ನಾನು, ನನ್ನ ಕೊನೇ ಪ್ಯಾಕ್‌ಗೆ. ಅದು ಇದ್ದಿದ್ದು ಓಲ್ಡ್ ಹೆರನ್ ಪಬ್‌ನ ಮೆಷಿನ್‌ನಲ್ಲಿ ಮಾತ್ರ, ಆ ಮಂಗಳವಾರ, ಮೂರೇ ಮೂರು ಗಂಟೆ ಹೊತ್ತು. ನೀವು ಅಲ್ಲಿದ್ರಿ."

ಪ್ರಸಾದನ ಮುಖದಲ್ಲಿ ಮೊದಲು ಕಂಡಿದ್ದು ಗಾಬರಿಯಲ್ಲ, ಅವಮಾನ.

"ಸುಳ್ಳಾ? ಹೋದ ಭಾನುವಾರ ಕೂಟದ ಮಕ್ಕಳಿಗೆ ಅದೇ ಪ್ರಶ್ನೆ ಕೇಳಿದೆನಲ್ರೀ ನಾನು."

ನಗು ಬರಬೇಕಾದ ಮಾತು. ಪದ್ಮಜಾಗೆ ಬರಲಿಲ್ಲ. ಅವನು ಗೋಡೆಗೆ ಒರಗಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

"ಕುದುರೆ ಅಂತ ಒತ್ತಿದ್ದೆ. ತಪ್ಪು ಅಂತು. ಮಂಜೇಶ ಬಿದ್ದು ಬಿದ್ದು ನಕ್ಕ, ಅಕ್ಕನ ಪ್ರಶ್ನೆಗೆ ಕ್ವಿಜ್ ಮಾಸ್ಟರೇ ಬಿದ್ರು ಅಂತ."

ಕ್ವಿಜ್ ಆಡುವವರ ಜಾತಿಯೇ ಅಂಥದ್ದು. ಸರಿ ಹೇಳಿದ ನೂರು ಉತ್ತರ ಮರೆತುಹೋಗುತ್ತವೆ. ಕೈ ತಪ್ಪಿದ ಒಂದು ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯುತ್ತದೆ. ಯಾವಾಗಲಾದರೊಮ್ಮೆ ಬಾಯಿಂದ ಹೊರಬೀಳುತ್ತದೆ.

"ನನ್ನ ತಮ್ಮ ಎಲ್ಲಿ?" ಎಂದಳು ಪದ್ಮಜಾ. ಈ ಪ್ರಶ್ನೆಗೆ ಒಂದು ಉತ್ತರ ಬಂದರೆ ತಾನು ಬದುಕುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಚೆನ್ನಾಗಿದಾನೆ. ಆ ಪಬ್ ಮೇಲಿನ ರೂಮ್‌ನಲ್ಲೇ ಇದಾನೆ, ಒಡತಿಗೆ ಮಾತ್ರ ಗೊತ್ತು. ನಾವು ಹೋಗ್ತಿರೋದು ಅಲ್ಲಿಗೇ."

ಅವಳು ಕೋಲಾ ಮೆಷಿನ್ನಿನ ಅಂಚು ಹಿಡಿದುಕೊಂಡಳು.

"ಟೂಲ್ ಬ್ಯಾಗ್ ಅನ್ನೋದು ನಾನು ಕಟ್ಟಿದ ಕಥೆ," ಎಂದ ಪ್ರಸಾದ್, ದನಿ ತಗ್ಗಿಸಿ. "ನಿಮ್ಮನ್ನ ಮನೆಯಿಂದ ಹೊರಗೆ ಕರ್ಕೊಂಡು ಬರ್ಬೇಕಿತ್ತು. ಫೋನ್ ಆಫ್ ಮಾಡಿ ಅಂದಿದ್ದೂ ಅದಕ್ಕೇ. ನೀವು ಎಲ್ಲಿದೀರ ಅನ್ನೋದು ನಿಮ್ಮ ಮನೇಲಿ ಒಬ್ಬರ ಫೋನ್‌ನಲ್ಲಿ ಕಾಣ್ಸತ್ತೆ. ಮಾಡಿದ್ರಿ ತಾನೇ ಆಫ್?"

ಅವನ ಮೊದಲ ಮಾತು ಮಾತ್ರ ಅವಳ ಕಿವಿಗೆ ಹೋಗಿತ್ತು. ಬದುಕಿದ್ದಾನೆ.

"ನಾನು 'ನಂಬಿ' ಅಂದ್ರೆ ನೀವು ನಂಬಲ್ಲ. ಕಾರ್ ಹತ್ರ ಬನ್ನಿ. ಡಿಕ್ಕಿಯಲ್ಲಿ ಏನಿದೆ ನೋಡಿ, ಆಮೇಲೆ ನೀವೇ ಹೇಳಿ."

ಊಟಕ್ಕೆ ಕೂತ ಸಂಸಾರ ಕಾರಿನಿಂದ ಹತ್ತು ಹೆಜ್ಜೆಯಲ್ಲಿತ್ತು. ಕಿರುಚಿದರೆ ಕೇಳುತ್ತದೆ ಎಂದು ಲೆಕ್ಕ ಹಾಕಿ, ಅವನ ಹಿಂದೆ ಮೂರು ಮಾರು ಬಿಟ್ಟು ನಡೆದಳು. ಅವನು ಡಿಕ್ಕಿ ತೆರೆದು ತಾನೇ ದೂರ ಸರಿದು ನಿಂತ.

ಹಳೆಯ ಕಂಬಳಿ. ಕಂಬಳಿಯೊಳಗೆ ಒಂದು ಕ್ವಿಜ್ ಮೆಷಿನ್. ಬಲಮೂಲೆಯಲ್ಲಿ ಓಲ್ಡ್ ಹೆರನ್ನಿನ ಕೊಕ್ಕರೆ ಸ್ಟಿಕರ್. ತಮ್ಮ ಹೊತ್ತುಕೊಂಡು ಹೋದ ಮೆಷಿನ್.

"ಹಿಂದಿನ ಮುಚ್ಚಳ ತೆಗೀರಿ. ಸ್ಕ್ರೂ ಹಾಕಿಲ್ಲ."

ತೆಗೆದಳು. ಪ್ರಶ್ನೆಗಳನ್ನು ತುಂಬುವ ಹಸಿರು ಸರ್ಕ್ಯೂಟ್ ಬೋರ್ಡ್ ಅವಳಿಗೆ ಚೆನ್ನಾಗಿ ಪರಿಚಯ. ಅದರ ಕೆಳಗೆ, ಇರಬಾರದ ಜಾಗದಲ್ಲಿ, ಇನ್ನೊಂದು ಕಪ್ಪು ಬೋರ್ಡ್ ಇತ್ತು.

"ಇಲಿನಾಯ್‌ನಿಂದ ಜೂಜಿನ ಮೆಷಿನ್‌ಗಳೂ ವಾಪಸ್ ಬರ್ತಿವೆಯಲ್ಲ, ಅದರ ಹೊಟ್ಟೆಯಿಂದ ಕಿತ್ತಿದ್ದು ಇದು," ಎಂದ ಪ್ರಸಾದ್. "ಕ್ವಿಜ್ ಪೆಟ್ಟಿಗೆ ಒಳಗೆ ಕೂರಿಸಿ ಮಿಷಿಗನ್‌ಗೆ ಕಳಿಸ್ತಿದಾರೆ. ಮೇಲ್ನೋಟಕ್ಕೆ ಕ್ವಿಜ್. ಸ್ಕ್ರೀನ್ ಮೂಲೇನ ಐದು ಸಲ ಒತ್ತಿದ್ರೆ ಜೂಜು. ಇಲ್ಲಿನ ಪಬ್‌ಗಳಲ್ಲಿ ಇದನ್ನ ಇಡೋಹಾಗಿಲ್ಲ, ಸಿಕ್ಕಿಬಿದ್ರೆ ಜೈಲು. ಸತ್ತ ಮೆಷಿನ್‌ಗಳಿಗೆ ಇದ್ದಕ್ಕಿದ್ದ ಹಾಗೆ ಇಷ್ಟೊಂದು ಬೇಡಿಕೆ ಯಾಕೆ ಅಂತ ಮಂಜೇಶನಿಗೆ ಅನುಮಾನ ಬಂತು. ಸಾಕ್ಷಿಗೆ ಇರ್ಲಿ ಬನ್ನಿ ಅಂತ ಆ ದಿನ ನನ್ನ ಕರೆದ."

"ಯಾರು ಕಳಿಸ್ತಿರೋದು?"

"ಬೋರ್ಡ್ ಮೇಲೆ ಟೇಪ್ ಇದೆ, ಓದಿ."

ಬೋರ್ಡಿನ ಅಂಚಿಗೆ ಬಿಳಿ ಕಾಗದದ ಟೇಪ್ ಅಂಟಿಸಿತ್ತು. ಅದರ ಮೇಲೆ ನೀಲಿ ಮಾರ್ಕರ್‌ನಲ್ಲಿ ಎರಡು ಅಂಕಿ: ೧೭. ಇಂಗ್ಲಿಷ್ ಅಂಕಿಯಲ್ಲ, ಕನ್ನಡದ್ದು. ಏಳರ ಬಾಲ ಒಂದು ಸುತ್ತು ಜಾಸ್ತಿ ಎಳೆದಿತ್ತು.

ಆ ಬಾಲವನ್ನು ಪದ್ಮಜಾ ದಿನವೂ ನೋಡುತ್ತಾಳೆ. ಫ್ರಿಜ್‌ನಲ್ಲಿ ಹುಳಿ ಇಟ್ಟ ಡಬ್ಬಿಯ ಮೇಲೆ, ಫ್ರೀಜರಿನ ತೆಂಗಿನ ತುರಿಯ ಪೊಟ್ಟಣದ ಮೇಲೆ, ಗ್ಯಾರೇಜಿನ ರಟ್ಟಿನ ಪೆಟ್ಟಿಗೆಗಳ ಮೇಲೆ. ಯಾವ ತಾರೀಖಿನದೆಂದು ಟೇಪ್ ಅಂಟಿಸಿ, ಕನ್ನಡ ಅಂಕಿಯಲ್ಲಿ ಬರೆದಿಡುವುದು ಅವಳ ಮನೆಯಲ್ಲಿ ಒಬ್ಬರಿಗಿರುವ ಅಭ್ಯಾಸ. ಗೋಡೌನ್‌ನಲ್ಲಿ ಬೇರೆ ಯಾರೂ ಓದಿ ಅದಲು ಬದಲು ಮಾಡಬಾರದೆಂದು ಶುರುಮಾಡಿದ್ದು, ಆಮೇಲೆ ಮನೆಗೂ ಬಂದಿತ್ತು. ಅದನ್ನು ಅವಳೇ ಎಷ್ಟೋ ಸಲ ಹೆಮ್ಮೆಯಿಂದ ನೆಂಟರಿಗೆ ತೋರಿಸಿದ್ದಳು.

"ಇಲ್ಲ," ಎಂದಳು. "ಇಲ್ಲ, ಅವರಲ್ಲ."

ಪ್ರಸಾದ್ ತನ್ನ ಫೋನ್‌ಗೆ ಬಂದಿದ್ದ ಒಂದು ವಾಯ್ಸ್ ಮೆಸೇಜ್ ಒತ್ತಿ ಅವಳ ಕಿವಿಯ ಹತ್ತಿರ ಹಿಡಿದ. ಹನ್ನೊಂದು ದಿನದಿಂದ ಕೇಳಬೇಕೆಂದು ಹಂಬಲಿಸಿದ್ದ ದನಿ ಅದರಲ್ಲಿ ಮೆಲ್ಲಗೆ ಮಾತಾಡಿತು.

"ಪ್ರಸಾದಣ್ಣ, ಅಕ್ಕಂಗೆ ಇದನ್ನ ಮುಖ ನೋಡ್ಕೊಂಡೇ ಹೇಳ್ಬೇಕು, ಫೋನ್‌ನಲ್ಲಿ ಆಗಲ್ಲ. ಅವತ್ತು ಸಾಯಂಕಾಲ ಭಾವ ಫೋನ್ ಮಾಡಿ ಮೆಷಿನ್ ಎಲ್ಲಿ, ಮೆಷಿನ್ ಎಲ್ಲಿ ಅಂತ ಕೇಳಿದ ರೀತಿ ಇದೆಯಲ್ಲ, ಅವರನ್ನ ನಾನು ಹಾಗೆ ಯಾವತ್ತೂ ಕೇಳಿಲ್ಲ. ಅವರ ಹಿಂದೆ ಇರೋ ಜನ ಒಳ್ಳೆಯವರಲ್ಲ ಅಣ್ಣ. ನಂಗೆ ಭಯ ಆಗ್ತಿದೆ. ಮೆಷಿನ್ ಯಾರ ಹತ್ರ ಇದೆ ಅಂತ ಗೊತ್ತಾಗೋ ತನಕ ನನ್ನ ಏನೂ ಮಾಡಲ್ಲ ಅವರು. ನೀವು ಅವತ್ತು ಅಲ್ಲಿದ್ರಿ ಅನ್ನೋದು ಮಾತ್ರ ಯಾರಿಗೂ ತಿಳೀಬಾರದು. ಅದೊಂದೇ ನಂಗಿರೋ ಕಾವಲು."

ದನಿ ನಿಂತಿತು. ಪಕ್ಕದ ಹುಲ್ಲಿನ ಮೇಲೆ ಯಾರೋ ಮಕ್ಕಳು ಚೆಂಡಿಗೆ ಜಗಳವಾಡುತ್ತಿದ್ದರು.

"ಸೋಮವಾರ ಡೆಟ್ರಾಯಿಟ್‌ನಲ್ಲಿ ಲಾಯರ್ ಜೊತೆ ಪೊಲೀಸ್ ಹತ್ರ ಹೋಗೋದು ಅಂತ ಮಾಡಿದೀವಿ," ಎನ್ನುತ್ತಿದ್ದ ಪ್ರಸಾದ್. "ಅದಕ್ಕೆ ಮುಂಚೆ ಅಕ್ಕಂಗೆ ಗೊತ್ತಾಗ್ಬೇಕು, ಪೇಪರ್‌ನಲ್ಲಿ ಓದಿ ಗೊತ್ತಾಗ್ಬಾರದು ಅಂತ ಅವನ ಹಠ. ಇನ್ನೊಂದೂವರೆ ಗಂಟೆ ದಾರಿ. ಹೊರಡೋಣ ಬನ್ನಿ."

ಪದ್ಮಜಾ ಕದಲಲಿಲ್ಲ.

"ಪ್ರಸಾದ್, ನಾನು ಅವರಿಗೆ ಮೆಸೇಜ್ ಮಾಡ್ದೆ."

"ಯಾರಿಗೆ?"

"ಕಿಶೋರ್‌ಗೆ. ಈಗ ಒಳಗಿದ್ದಾಗ."

"ಏನಂತ?"

ಅವಳು ಫೋನನ್ನೇ ತಿರುಗಿಸಿ ಹಿಡಿದಳು. ಅವನು ಓದಿದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಮುಖದ ರಕ್ತ ಇಳಿದುಹೋಗಿತ್ತು. ತನ್ನ ತಮ್ಮನಿಗಿದ್ದ ಒಂದೇ ಕಾವಲನ್ನು ತನ್ನ ಕೈಯಾರೆ ತೆಗೆದುಹಾಕಿದ್ದು ಅವಳಿಗೆ ಅವನ ಮುಖದಲ್ಲೇ ಕಂಡಿತು. ಅವಳು ಕಾರಿಗೆ ಕೈ ಕೊಟ್ಟು ನಿಂತಳು.

ಪ್ರಸಾದ್ ಮಂಜೇಶನಿಗೆ ಫೋನ್ ಮಾಡಿದ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಮೂರನೆಯ ಸಲ ರಿಂಗ್ ಕೂಡ ಆಗಲಿಲ್ಲ.

"ಬೆಳಿಗ್ಗೆ ಹೊರಡೋಕೆ ಮುಂಚೆ ಮಾತಾಡಿದೀನಿ ಅವನ ಜೊತೆ. ಎತ್ತದೇ ಇರೋನಲ್ಲ. ಫೋನ್ ಪಕ್ಕದಲ್ಲೇ ಇಟ್ಕೊಂಡಿರ್ತಾನೆ," ಎಂದ. ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೇ ತಿಳಿಯದ ಹಾಗಿತ್ತು.

"ಅವರು ಇಟಾಸ್ಕಾದಲ್ಲಿದಾರೆ," ಎಂದಳು ಪದ್ಮಜಾ. "ಇಲ್ಲಿಗೆ ನೂರಾ ಎಂಬತ್ತು ಮೈಲಿ. ನಮಗೆ ಹೊತ್ತಿದೆ. ಈಗಲೇ ಹೊರಟ್ರೆ ನಾವೇ ಮೊದಲು ತಲುಪ್ತೀವಿ."

"ಅವರನ್ನ ನೀವು ಇವತ್ತು ನೋಡಿದ್ರಾ?"

ನೋಡಿರಲಿಲ್ಲ. ಐದು ಗಂಟೆಗೆ ಗ್ಯಾರೇಜ್ ಬಾಗಿಲಿನ ಸದ್ದು ನಿದ್ದೆಗಣ್ಣಿನಲ್ಲಿ ಕೇಳಿದ್ದಳು, ಅಷ್ಟೇ. ಎಲ್ಲಿಗೆಂದು ಅವನು ಹೇಳಿದ್ದನ್ನು ನಂಬಿದ್ದಳು. ನಿನ್ನೆ ರಾತ್ರಿ ಯಾವ ಪಬ್, ಅದೇ ಪಬ್ಬಾ, ಸರಿಯಾಗಿ ನೆನಪಿದೆಯಾ ಎಂದು ಎರಡೆರಡು ಸಲ ಕೇಳಿದವನಿಗೆ ವಿವರವಾಗಿ ಹೇಳಿದವಳೂ ಅವಳೇ. ಐದು ಗಂಟೆಗೆ ಹೊರಟವನು ಈ ಹೊತ್ತಿಗೆ ವಯಂಡಾಟ್‌ಗೆ ಹೋಗಿ ಅರ್ಧ ದಾರಿ ವಾಪಸ್ ಬರಬಹುದು.

ಪ್ರಸಾದ್ ಜೇಬಿನಿಂದ ಕೀ ತೆಗೆದ. ಅದು ಅವನ ಬೆರಳಿನಿಂದ ಜಾರಿ ಕೆಳಗೆ ಬಿತ್ತು. ಎತ್ತಿಕೊಂಡು ಅವಳ ಕೈಗೆ ಕೊಟ್ಟ.

"ನೀವು ಡ್ರೈವ್ ಮಾಡಿ. ನನ್ ಕೈ ನಿಲ್ತಿಲ್ಲ. ನಾನು 911ಕ್ಕೆ ಮಾಡ್ತೀನಿ, ಪಬ್‌ಗೆ ಯಾರನ್ನಾದ್ರೂ ಕಳಿಸ್ಲಿ."

ಅವನು ಡಿಕ್ಕಿ ಮುಚ್ಚಿ, ನಂಬರ್ ಒತ್ತಲು ತಲೆ ಬಗ್ಗಿಸಿದ. ಅಷ್ಟರಲ್ಲಿ ಪದ್ಮಜಾಳ ಫೋನ್ ಅದುರಿತು. ಕಿಶೋರ್.

"ಅಲ್ಲೇ ಇರು, ಹತ್ತು ನಿಮಿಷದಲ್ಲಿ ಬರ್ತೀನಿ. ಮಂಜೇಶ್ ನನ್ನ ಜೊತೆ ಇದ್ದಾನೆ. ಪ್ರಸಾದ್‌ಗೆ ಏನೂ ಹೇಳಬೇಡ, ಯಾರಿಗೂ ಫೋನ್ ಮಾಡೋಕೆ ಬಿಡಬೇಡ. ಅವನ ಕಾರಿನ ಕೀ ಹೇಗಾದರೂ ಮಾಡಿ ತಗೋ."

ಕೆಳಗೆ ಒಂದು ಫೋಟೋ. ಪದ್ಮಜಾಳ ಮನೆಯ ಕಾರಿನ ಹಿಂದಿನ ಸೀಟು. ಮಂಜೇಶ್ ನಡುವೆ ಕೂತಿದ್ದ, ಗಡ್ಡ ಬೆಳೆದಿತ್ತು. ಅವನ ಎರಡೂ ಪಕ್ಕದಲ್ಲಿ ಯಾರದೋ ಭುಜಗಳು ಮಾತ್ರ ಕಾಣುತ್ತಿದ್ದವು.

"ಯಾರದು ಮೆಸೇಜು?" ಎಂದ ಪ್ರಸಾದ್. ಅವನ ಬೆರಳು ಇನ್ನೂ ಕೊನೆಯ ಅಂಕಿಯ ಮೇಲಿತ್ತು.

ಪದ್ಮಜಾ ಫೋನನ್ನು ಎದೆಗೆ ಒತ್ತಿಕೊಂಡಳು. ಇನ್ನೊಂದು ಕೈ ಕೀಯ ಸುತ್ತ ಮುಚ್ಚಿಕೊಂಡಿತು.

"ಕೂಟದ ಗ್ರೂಪ್‌ನದು," ಎಂದಳು. "ಒಂದ್ ನಿಮಿಷ ಪ್ರಸಾದ್, ಫೋನ್ ಮಾಡ್ಬೇಡಿ."